ಕಾಗೆಗೆ ‘ಕೂಗಬೇಡ’ ಎಂದವಳು ಕೂಗದಿದ್ದರೆ ತಾಳಲಾರೆ ಎನ್ನುವುದೇಕೆ?

ಪ್ರಶ್ನೆ: ಕಾರವಾರದಲ್ಲಿ ನಮ್ಮದು ಆರು ಹೆಂಗಸರ ಸಣ್ಣ ಹಾಡಿನ ತಂಡ. ಅಂಕೋಲಾ ಕಡೆಯ ಗೆಳತಿಯೊಬ್ಬಳು ನಮಗೆಂದೇ ಒಂದು ಹಾಡು ಬರೆದುಕೊಟ್ಟಿದ್ದಾಳೆ. ಗಂಡ ಮೀನಿಗೆ ಹೋದ ಹೆಂಗಸಿನ ಹಾಡು ಎಂದಷ್ಟೇ ಹೇಳಿದಳು. ಹೆಚ್ಚು ಕೇಳಿದರೆ ‘ಎಲ್ಲ ಹಾಡಲ್ಲೇ ಉಂಟಲ್ಲ’ ಎನ್ನುತ್ತಾಳೆ. ಹಾಡು ಹೀಗಿದೆ:

ಮಾಡ ಮೇಲೆ ಕೂತ ಕಾಗೆ
ಕೂಗಬೇಡವೋ
ಕೂಗದೇನೆ ಹಾರಿ ಹೋದ್ರೆ
ತಾಳಲಾರೆನೋ

ಎಲೆಯ ತುದಿಗೆ ಅನ್ನ ಇಟ್ಟೆ
ಮುಟ್ಟಬೇಡವೋ
ಮುಟ್ಟದೇನೆ ಬಿಟ್ಟೆಯಾದ್ರೆ
ಉಣ್ಣಲಾರೆನೋ

ಅಳಿವೆ ದಾಟಿ ದೋಣಿ ಹಿಂದೆ
ಹಕ್ಕಿ ಹೋಯಿತೋ
ಬಿಳಿಯ ಹಕ್ಕಿ ಒಂದೆ ಬಂತು
ದೋಣಿ ಹೋಯಿತೋ

ಕರುವ ನೆಕ್ಕಿ ಗೌರಿ ನನ್ನ
ನೋಡುತಿರುವಳೋ
ಅವಳ ಕಣ್ಣ ನೋಡಿ ನಾನು
ಕರೆಯಲಾರೆನೋ

ಅಭ್ಯಾಸಕ್ಕೆ ಕೂತರೆ ನಮ್ಮೊಳಗೇ ಜಗಳ. ‘ಕೂಗಬೇಡ ಎಂದ ಮೇಲೆ ಕೂಗದಿದ್ದರೆ ತಾಳಲಾರೆ ಎನ್ನುವುದು ತಪ್ಪು, ತಿದ್ದಿ’ ಎಂದು ಒಬ್ಬರು. ‘ವೇದಿಕೆಯಲ್ಲಿ ಕಾಗೆ ಅಪಶಕುನ, ಗಿಳಿಯನ್ನೋ ಕೋಗಿಲೆಯನ್ನೋ ಹಾಕಿ’ ಎಂದು ಇನ್ನೊಬ್ಬರು. ಮೊಬೈಲಿನಲ್ಲಿ ಸಿಕ್ಕ ಪಟ್ಟಿಯೊಂದರಲ್ಲಿ ಕಾಗೆ ಎಂದರೆ ಸಾವು, ಬಿಳಿ ಹಕ್ಕಿ ಎಂದರೆ ಶಾಂತಿ, ಹಸು ಎಂದರೆ ತಾಯ್ತನ ಎಂದಿತ್ತು. ಅದನ್ನು ಇಲ್ಲಿಗೆ ಹೊಂದಿಸಲು ಹೋದರೆ ಏನೂ ಕೂಡಿಬರುವುದಿಲ್ಲ. ಇಂಥ ಹಾಡನ್ನು ಅರ್ಥ ಮಾಡಿಕೊಳ್ಳುವ ಕ್ರಮ ಯಾವುದು?

ಉತ್ತರ: ಆ ಎರಡು ಸಾಲುಗಳನ್ನು ತಿದ್ದಬೇಡಿ. ಅವು ಒಂದಕ್ಕೊಂದು ಎದುರು ನಿಂತಿವೆ ಎಂದು ನಿಮ್ಮವರು ಗುರುತಿಸಿದ್ದು ಸರಿಯಾಗಿಯೇ ಇದೆ, ಅದನ್ನು ಬರೆದವಳ ಎಡವಟ್ಟು ಎಂದುಕೊಂಡದ್ದಷ್ಟೇ ತಪ್ಪು. ಹಾಡಿನಲ್ಲಿ ಪ್ರಾಣಿಯೋ ಹಕ್ಕಿಯೋ ಬಂದು ಅದರ ಸುತ್ತ ಇಂಥ ಎದುರುಮಾತು ಕಾಣಿಸಿಕೊಂಡರೆ, ಹಾಡುವವಳ ಮನಸ್ಸು ಎರಡಾಗಿರುವ ಜಾಗ ಅದೇ ಎಂದು ತಿಳಿಯಬೇಕು. ಅದನ್ನು ಸಮ ಮಾಡಿದರೆ ಉಳಿಯುವುದು ಪ್ರಾಸ ಮಾತ್ರ.

ಪಟ್ಟಿಯ ವಿಷಯ ಮೊದಲು ಮುಗಿಸೋಣ. ಪಟ್ಟಿ ಪ್ರಾಣಿಯ ಹೆಸರಿಗೆ ಅರ್ಥ ಕೊಡುತ್ತದೆ, ಹಾಡು ಪ್ರಾಣಿಯ ಕೆಲಸಕ್ಕೆ ಅರ್ಥ ಕೊಡುತ್ತದೆ. ಹುಲಿಯನ್ನೇ ತೆಗೆದುಕೊಳ್ಳಿ. ಗೋವಿನ ಹಾಡಿನ ಹುಲಿ ಹಸಿದು ಅಡ್ಡಗಟ್ಟುತ್ತದೆ; ಕೊಟ್ಟ ಮಾತಿಗೆ ತಿರುಗಿ ಬಂದ ಹಸುವನ್ನು ಕಂಡು ಅದೇ ಹುಲಿ ಪ್ರಾಣ ಬಿಡುತ್ತದೆ. ಹೆಸರು ಬದಲಾಗಲಿಲ್ಲ, ಕೆಲಸ ಬದಲಾಯಿತು. ಘಟ್ಟದ ಮೇಲೆ ಕಾಡಂಚಿನ ಹಳ್ಳಿಗಳಲ್ಲಿ ಹುಲಿಯಪ್ಪ ಎಂದು ಪೂಜೆ ಪಡೆಯುವುದೂ ಇದೇ ಹುಲಿ. ‘ಹಾವು ಎಂದರೆ ಮೋಸ’ ಎನ್ನುವ ಪಟ್ಟಿ ನಾಗರಪಂಚಮಿಗೆ ಹಾಲೆರೆಯುವ ಮನೆಯಲ್ಲಿ ಏನು ಕೆಲಸಕ್ಕೆ ಬಂದೀತು? ನಾಗಬನದ ಮುಂದೆ ನಿಂತು ‘ನಾಗರ’ ಎನ್ನುವ ದನಿ ಬೇರೆ, ಬಚ್ಚಲಲ್ಲಿ ಕಂಡು ‘ಹಾವು’ ಎಂದು ಕಿರುಚುವ ದನಿ ಬೇರೆ. ಹಾಡು ಯಾವ ಪದ ಆರಿಸಿಕೊಂಡಿದೆ ಎಂದು ನೋಡಿದರೇ ಅರ್ಧ ಅರ್ಥ ಸಿಕ್ಕಿಬಿಡುತ್ತದೆ.

ಪಟ್ಟಿ ನಡೆಯುವ ಒಂದು ಜಾಗ ಇದೆ, ಕವಿಸಮಯ. ಚಕೋರ ಬೆಳದಿಂಗಳು ಕುಡಿಯುತ್ತದೆ, ಚಾತಕ ಮಳೆಹನಿಗೆ ಬಾಯಿ ತೆರೆದು ಕಾಯುತ್ತದೆ, ಚಕ್ರವಾಕದ ಜೋಡಿ ಇರುಳಾದರೆ ಅಗಲುತ್ತದೆ, ಹಂಸ ಹಾಲನ್ನೂ ನೀರನ್ನೂ ಬೇರೆ ಮಾಡುತ್ತದೆ. ಇವೆಲ್ಲ ಕವಿಗಳು ತಮ್ಮೊಳಗೆ ಒಪ್ಪಿಕೊಂಡು ಬಂದ ಕಟ್ಟಲೆಗಳು. ನಳ ದಮಯಂತಿ ಪ್ರಸಂಗದಲ್ಲಿ ಸಂದೇಶ ಹೊತ್ತು ಬರುವ ಹಂಸ ಯಾವ ಕೆರೆಯದು ಎಂದು ಯಕ್ಷಗಾನ ನೋಡುವವರು ಯಾರೂ ಕೇಳುವುದಿಲ್ಲ. ನಿಮ್ಮ ಹಾಡಿನಲ್ಲಿ ಅಂಥದ್ದು ಒಂದೂ ಇಲ್ಲ. ಕಾಗೆ, ಕಡಲ ಹಕ್ಕಿ, ಕೊಟ್ಟಿಗೆಯ ಹಸು ಮೂರೂ ನಿಮ್ಮೂರಲ್ಲಿ ದಿನಾ ಕಣ್ಣಿಗೆ ಬೀಳುವಂಥವು. ಹಾಗಾಗಿ ನಿಜವಾದ ಹಕ್ಕಿ ಏನು ಮಾಡುತ್ತದೆ, ಏನು ಮಾಡುವುದಿಲ್ಲ ಎಂಬುದೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ.

ಈಗ ಕೆಲಸ. ಹಾಡನ್ನು ದೊಡ್ಡ ಅಕ್ಷರದಲ್ಲಿ, ಸಾಲುಗಳ ನಡುವೆ ಎರಡು ಬೆರಳು ಜಾಗ ಬಿಟ್ಟು, ಕೈಯಲ್ಲೇ ಬರೆದುಕೊಳ್ಳಿ. ಪ್ರಾಣಿಯ ಹೆಸರಿಗೆ ಗೆರೆ ಎಳೆಯಿರಿ. ಅದರ ಕ್ರಿಯಾಪದಕ್ಕೆ ಸುತ್ತು ಹಾಕಿ, ಹಾಡುವವಳ ಕ್ರಿಯಾಪದಕ್ಕೆ ಬೇರೆ ಬಣ್ಣದ ಸುತ್ತು. ಆಮೇಲೆ ಸರ್ವನಾಮ ನೋಡಿ: ಪ್ರಾಣಿ ‘ನೀನು’ ಆಗಿದೆಯೋ, ‘ಅದು’ ಆಗಿದೆಯೋ, ‘ಅವಳು’ ಆಗಿದೆಯೋ. ಕ್ರಿಯಾಪದದ ಕೊನೆಯಲ್ಲೇ ಅದು ಅಡಗಿರುತ್ತದೆ. ಹದಿನಾರು ಸಾಲಿಗೆ ಅರ್ಧ ಗಂಟೆ ಸಾಕು. ಹೆಚ್ಚಿನವರು ಹೆಸರಿಗೆ ಗೆರೆ ಎಳೆದು ಅಲ್ಲಿಗೇ ಪೆನ್ನು ಕೆಳಗಿಡುತ್ತಾರೆ. ದಾರಿ ತಪ್ಪುವುದು ಅಲ್ಲೇ.

ನಿಮ್ಮ ಹಾಡಿಗೆ ಹೀಗೆ ಮಾಡಿದಾಗ ಕಾಣುವುದು ಇದು. ಕಾಗೆಗೆ ಕೂರುವುದು, ಕೂಗುವುದು, ಹಾರುವುದು, ಮುಟ್ಟುವುದು, ಬಿಡುವುದು ಎಂದು ಐದು ಕೆಲಸ. ಇವುಗಳಲ್ಲಿ ಅದು ನಿಜವಾಗಿ ಮಾಡಿದ್ದು ಕೂತದ್ದೊಂದೇ, ಉಳಿದ ನಾಲ್ಕೂ ‘ಬೇಡ’ ಮತ್ತು ‘ಆದರೆ’ಗಳೊಳಗೆ ಸಿಕ್ಕಿಕೊಂಡಿವೆ. ಬಿಳಿ ಹಕ್ಕಿಯ ಕೆಲಸ ಹೋದದ್ದು ಮತ್ತು ಬಂದದ್ದು, ಎರಡೂ ಆಗಿಹೋದವು. ಹಸುವಿನದು ನೆಕ್ಕುವುದು, ನೋಡುವುದು. ಎರಡೂ ಈಗ, ಕಣ್ಣೆದುರು ನಡೆಯುತ್ತಿವೆ. ಇನ್ನೂ ಆಗದ್ದು ಕಾಗೆಯ ಮೇಲೆ, ಆಗಿಹೋದದ್ದು ಹಕ್ಕಿಯ ಮೇಲೆ, ಆಗುತ್ತಿರುವುದು ಹಸುವಿನ ಮೇಲೆ. ಕಾಯುವವಳ ಮೂರು ಕಾಲ ಮೂರು ಜೀವಗಳಿಗೆ ಹಂಚಿಹೋಗಿದೆ. ನಿಮ್ಮ ಗೆಳತಿ ಲೆಕ್ಕ ಹಾಕಿ ಹೀಗೆ ಬರೆದಳೋ, ಕೈಗೆ ಬಂದಂತೆ ಬರೆದಳೋ ಎಂಬ ಪ್ರಶ್ನೆ ಬೇಡ. ಹಾಡಿನಲ್ಲಿ ಇದೆ, ಅಷ್ಟು ಸಾಕು.

ಸರ್ವನಾಮಕ್ಕೂ ಇದೇ ಹೊಂದಿಕೆ ಇದೆ. ಹಾಡುಗಳಲ್ಲಿ ಪ್ರಾಣಿ ನಿಲ್ಲುವ ಜಾಗ ಸಾಮಾನ್ಯವಾಗಿ ನಾಲ್ಕು. ತಾನೇ ಮಾತಾಡುವ ಪ್ರಾಣಿ, ಗೋವಿನ ಹಾಡಿನಲ್ಲಿದ್ದಂತೆ. ನಾವು ಮಾತಾಡಿಸುವ ಪ್ರಾಣಿ. ಅಕ್ಕಮಹಾದೇವಿ ವಚನವೊಂದರಲ್ಲಿ ದುಂಬಿಯನ್ನೂ ಮಾಮರವನ್ನೂ ಕೋಗಿಲೆಯನ್ನೂ ಚೆನ್ನಮಲ್ಲಿಕಾರ್ಜುನನ ಸುದ್ದಿ ಕೇಳುತ್ತಾಳಲ್ಲ, ಹಾಗೆ. ಅವು ಉತ್ತರ ಕೊಡುವುದಿಲ್ಲ, ಆದ್ದರಿಂದ ಅಲ್ಲಿ ಕೇಳಿಸುವುದು ಕೇಳಿದವಳ ಮನಸ್ಸೊಂದೇ. ಮೂರನೆಯದು ದೂರದಿಂದ ಕಾಣುವ ಪ್ರಾಣಿ, ಸಾಕ್ಷಿಯಂತೆ. ಕೊನೆಯದು ಹಾಡುವವರು ತಾವೇ ಆಗಿಬಿಡುವ ಪ್ರಾಣಿ. ಇಲ್ಲಿ ಕಾಗೆ ‘ನೀನು’, ಹಕ್ಕಿ ‘ಅದು’. ಹಸು ‘ಅವಳು’, ಅದಕ್ಕೆ ಹೆಸರೂ ಇದೆ. ಹಾಡು ಎರಡನೆಯ ಜಾಗದಿಂದ ಹೊರಟು ಮೂರನೆಯದನ್ನು ಹಾದು ನಾಲ್ಕನೆಯದರ ಹೊಸ್ತಿಲಿಗೆ ಬಂದು ನಿಲ್ಲುತ್ತದೆ.

ಕಾಗೆಯ ಹತ್ತಿರ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕು. ಮಾಡಿನ ಮೇಲೆ, ಅಂದರೆ ಮನೆಯ ಸೂರಿನ ಮೇಲೆ, ಕಾಗೆ ಕೂಗಿದರೆ ನೆಂಟರು ಬರುತ್ತಾರೆ ಎಂಬ ನಂಬಿಕೆ ನಿಮಗೆ ಹೊಸದಲ್ಲ. ಅದೇ ಕಾಗೆ ಪಿತೃಪಕ್ಷದಲ್ಲಿ, ಶ್ರಾದ್ಧದ ದಿನ, ಎಲೆಯಲ್ಲಿಟ್ಟ ಅನ್ನ ಮುಟ್ಟಬೇಕು. ಮುಟ್ಟಿದರೆ ಹೋದವರಿಗೆ ತೃಪ್ತಿಯಾಯಿತು, ಮುಟ್ಟದಿದ್ದರೆ ಅವರದೇನೋ ಆಸೆ ಉಳಿದಿದೆ ಎಂದು ಮನೆಯವರು ಕೈಮುಗಿದು ಕಾಯುತ್ತಾರೆ. ಹಾಡಿನ ಮೊದಲ ಪದ್ಯದ ಕಾಗೆ ನೆಂಟರ ಕಾಗೆ. ಎರಡನೆಯ ಪದ್ಯದ್ದು ಪಿಂಡದ ಕಾಗೆ. ಹಕ್ಕಿ ಒಂದೇ, ಬಹುಶಃ ಕೂತ ಜಾಗದಿಂದ ಕದಲಿಯೂ ಇಲ್ಲ. ‘ಕಾಗೆ ಶುಭವೋ ಅಶುಭವೋ’ ಎಂದು ನಿಮ್ಮೊಳಗೆ ನಡೆದ ಜಗಳ ಅವಳೊಳಗೂ ನಡೆಯುತ್ತಿದೆ.

ಅವಳ ಇಕ್ಕಟ್ಟನ್ನು ಬಿಡಿಸಿ ನೋಡಿ. ಕಾಗೆ ಕೂಗಿದರೆ ಅವನು ಬರುತ್ತಾನೆಂದು ನಂಬಬೇಕಾಗುತ್ತದೆ. ನಂಬಿ, ಒಲೆಗೆ ಎಸರಿಟ್ಟು, ಸಂಜೆಯಾದರೂ ಬಾರದಿದ್ದರೆ? ಅದಕ್ಕೇ ಕೂಗಬೇಡ. ಕೂಗದೆ ಹಾರಿಹೋದರೆ ಬರುವುದಿಲ್ಲ ಎಂದು ತೀರ್ಮಾನವಾದ ಹಾಗೆ. ಅದಕ್ಕೇ ತಾಳಲಾರೆ. ಎರಡನೆಯ ಪದ್ಯದಲ್ಲಿ ಬಿಗಿ ಇನ್ನೂ ಹೆಚ್ಚು. ಎಲೆಯ ತುದಿಗೆ ಅನ್ನ ಇಟ್ಟು ಕಾಗೆಯನ್ನು ಕಾಯುವುದು ಹೋದವರಿಗಾಗಿ. ಅವನು ಹೋದನೆಂದು ಯಾರೂ ಬಂದು ಹೇಳಿಲ್ಲ, ಅವಳ ಕೈ ಮಾತ್ರ ಇಟ್ಟುಬಿಟ್ಟಿದೆ. ಇಟ್ಟ ಕೂಡಲೇ ಬಾಯಿ ‘ಮುಟ್ಟಬೇಡ’ ಎನ್ನುತ್ತದೆ. ಮುಟ್ಟಿದರೆ ಸಾವು ಖಾತ್ರಿ. ಮುಟ್ಟದಿದ್ದರೆ ಅವನು ಬದುಕಿರಬಹುದು, ಇಲ್ಲವೇ ಸತ್ತು ಅತೃಪ್ತನಾಗಿರಬಹುದು. ಮುಟ್ಟದಿರುವುದಕ್ಕೂ ಎರಡು ಅರ್ಥ ಇರುವುದರಿಂದ ಯಾವ ಕಡೆಗೆ ತಿರುಗಿದರೂ ಅವಳಿಗೆ ನೆಮ್ಮದಿ ಇಲ್ಲ. ‘ಉಣ್ಣಲಾರೆನೋ’ ಎಂಬುದನ್ನು ಬರೀ ದುಃಖದ ಮಾತೆಂದು ಹಾಡಬೇಡಿ. ಎಷ್ಟೋ ಮನೆಗಳಲ್ಲಿ ಕಾಗೆ ಮುಟ್ಟಿದ ಮೇಲೆಯೇ ಉಳಿದವರ ಊಟ. ಅವಳು ನಿಜಕ್ಕೂ ಉಣ್ಣುವ ಹಾಗಿಲ್ಲ.

ಕಾಗೆ ಮುಟ್ಟುವುದಕ್ಕೆ ಇನ್ನೊಂದು ಅರ್ಥವೂ ಉಂಟು. ನಿಮ್ಮ ಆರು ಜನರಲ್ಲಿ ಒಬ್ಬರಿಗಾದರೂ ಹೊಳೆದಿರಬೇಕು, ಬಾಯಿ ಬಿಟ್ಟು ಹೇಳಿರಲಿಕ್ಕಿಲ್ಲ. ತಿಂಗಳಿಗೆ ಮೂರು ದಿನ ಹೊರಗೆ ಕೂತ ಹೆಂಗಸನ್ನು ಕಂಡು ಮಕ್ಕಳು ಯಾಕೆಂದು ಕೇಳಿದರೆ ಹಿರಿಯರು ‘ಕಾಗೆ ಮುಟ್ಟಿದೆ’ ಎನ್ನುತ್ತಿದ್ದರು. ಆ ಅರ್ಥ ಹಿಡಿದರೆ ‘ಮುಟ್ಟಬೇಡವೋ’ ಎನ್ನುವುದು ಬಸಿರು ನಿಲ್ಲಲಿ ಎಂಬ ಆಸೆಯಾಗುತ್ತದೆ, ‘ಮುಟ್ಟದಿದ್ದರೆ ಉಣ್ಣಲಾರೆ’ ಎನ್ನುವುದು ಬಸುರಿಯ ಓಕರಿಕೆಯಾಗುತ್ತದೆ. ಇಂಥ ಅರ್ಥ ಸಿಕ್ಕಾಗ ಖುಷಿಪಟ್ಟು ಅದರ ಹಿಂದೆಯೇ ಓಡಬಾರದು. ಒಂದು ಪರೀಕ್ಷೆ ಇದೆ: ಹಾಡಿನ ಬೇರೆ ಬೇರೆ ಎರಡು ಕಡೆ ಆಧಾರ ಸಿಗಬೇಕು, ಯಾವ ಸಾಲೂ ಅಡ್ಡ ಬರಬಾರದು. ಇಲ್ಲಿ ‘ಉಣ್ಣಲಾರೆ’ ಒಂದು ಆಧಾರ, ನಾಲ್ಕನೆಯ ಪದ್ಯದ ಕರು ಇನ್ನೊಂದು. ಅಡ್ಡ ಬರುವ ಸಾಲಿಲ್ಲ, ಆದರೆ ಎಲೆಯ ತುದಿಯ ಅನ್ನಕ್ಕೆ ಈ ಅರ್ಥದಲ್ಲಿ ಕೆಲಸವೇ ಇಲ್ಲ. ನನ್ನ ತೀರ್ಪು ಏನೆಂದರೆ ಇದು ಅಡಿಯಲ್ಲಿ ಹರಿಯುವ ಅರ್ಥ. ನೀವು ತಿಳಿದಿರಿ, ದನಿಯಲ್ಲಿ ಇರಲಿ, ಮೈಕಿನಲ್ಲಿ ಹೇಳಬೇಡಿ.

ಅದೇ ಪರೀಕ್ಷೆಯಲ್ಲಿ ಬಿದ್ದುಹೋಗುವ ಅರ್ಥವನ್ನೂ ನೋಡಿ. ‘ಕಾಗೆಯೇ ಗಂಡ’ ಎಂದು ಯಾರಾದರೂ ಹೇಳಿಯಾರು. ‘ವೋ’ ಎಂಬ ಗಂಡು ಸಂಬೋಧನೆ ಒಂದೇ ಅದಕ್ಕೆ ಆಧಾರ. ಕಾಗೆಯೇ ಅವನಾದರೆ ಅವನು ಆಗಲೇ ಬಂದು ಮಾಡಿನ ಮೇಲೆ ಕೂತಾಯಿತು, ಕಾಯುವುದಕ್ಕೆ ಏನೂ ಉಳಿಯುವುದಿಲ್ಲ, ಮೂರನೆಯ ಪದ್ಯ ಯಾಕೆ ಬಂತೆಂದೇ ತಿಳಿಯುವುದಿಲ್ಲ. ಒಂದು ಪ್ರಾಣಿಗೆ ಒಬ್ಬ ಮನುಷ್ಯನನ್ನು ಅಂಟಿಸುವ ಅಭ್ಯಾಸದಿಂದ ಹಾಳಾದಷ್ಟು ಅರ್ಥಗಳು ಬೇರೆ ಯಾವುದರಿಂದಲೂ ಹಾಳಾಗಿಲ್ಲ.

ಇಬ್ಬಂದಿ ಎಲ್ಲಿದೆ ಎಂದು ಹುಡುಕುವಾಗ ಕನ್ನಡದ ನಿಷೇಧಪದಗಳು ಒಳ್ಳೆಯ ದಾರಿದೀಪ. ‘ಒಲ್ಲೆ’ ಎಂದರೆ ಮನಸ್ಸಿಲ್ಲ. ‘ಲಾರೆ’ ಎಂದರೆ ಮೈಯಲ್ಲಿ ತ್ರಾಣವಿಲ್ಲ. ‘ಬೇಡ’ ಎಂಬುದು ಎದುರಿನವರಿಗೆ ಹಾಕುವ ತಡೆ. ಈ ಹಾಡಿನಲ್ಲಿ ‘ಬೇಡ’ ಎರಡು ಸಲ ಇದೆ, ಎರಡೂ ಕಾಗೆಗೆ. ‘ಲಾರೆ’ ಮೂರು ಸಲ, ಮೂರೂ ತನಗೆ. ‘ಒಲ್ಲೆ’ ಒಮ್ಮೆಯೂ ಇಲ್ಲ. ಅಂದರೆ ಅವಳಲ್ಲಿ ಹಟವೂ ಇಲ್ಲ, ಸಿಟ್ಟೂ ಇಲ್ಲ. ಹಕ್ಕಿಗೆ ಅಪ್ಪಣೆ ಮಾಡುವ ದನಿ ತನ್ನ ಮಾತು ಬಂದ ಕೂಡಲೇ ಕುಸಿಯುತ್ತದೆ. ಹಾಡುವಾಗ ಬಾಯಿ ತಪ್ಪಿ ‘ತಾಳಲೊಲ್ಲೆನೋ’ ಎಂದುಬಿಡುವುದು ಸುಲಭ, ಯಾಕೆಂದರೆ ಮಾತ್ರೆಗೂ ಅದು ಸರಿಯಾಗಿ ಕೂರುತ್ತದೆ. ಹಾಗೆಂದರೆ ಹೆಂಗಸೇ ಬೇರೆಯಾದಳು. ಬಸವಣ್ಣನವರ ವಚನದ ಕಪ್ಪೆ ಹಾವಿನ ಬಾಯಲ್ಲಿದ್ದುಕೊಂಡೇ ಹಾರುವ ನೊಣಕ್ಕೆ ಆಸೆಪಡುತ್ತದಲ್ಲ, ಅಲ್ಲಿ ಎರಡು ಎಳೆತಗಳೂ ಒಂದೇ ಪ್ರಾಣಿಯ ಮೈಯಲ್ಲಿವೆ. ಇಲ್ಲಿ ಕಾಗೆಗೆ ಯಾವ ಇಬ್ಬಂದಿಯೂ ಇಲ್ಲ. ಅದು ಸುಮ್ಮನೆ ಕೂತಿದೆ. ಎಳೆತವೆಲ್ಲ ಕೆಳಗೆ ಅಂಗಳದಲ್ಲಿ ನಿಂತವಳದು.

ಇನ್ನು ಕಾಗೆಯನ್ನು ತೆಗೆದು ಗಿಳಿ ತರುವ ಸಲಹೆ. ‘ಕೂತ ಗಿಳಿಯೆ’ ಎಂದರೆ ತಾಳವೇನೋ ತಪ್ಪುವುದಿಲ್ಲ, ಉಳಿದದ್ದೆಲ್ಲ ತಪ್ಪುತ್ತದೆ. ಹಾಡುಗಳ ಗಿಳಿ ಕಲಿಸಿದ್ದನ್ನು ಹೇಳುವ ಹಕ್ಕಿ, ಪಂಜರದ ಹಕ್ಕಿ, ಸುದ್ದಿ ಒಯ್ಯುವ ಹಕ್ಕಿ. ನಿಜವಾದ ಗಿಳಿ ಹಣ್ಣಿಗೂ ಭತ್ತದ ತೆನೆಗೂ ಬರುತ್ತದೆ. ಅಂಗಳಕ್ಕಿಳಿದು ಎಲೆಯ ಮೇಲಿನ ಅನ್ನ ತಿನ್ನುವುದು ಅದರ ಜಾಯಮಾನವಲ್ಲ. ನೆಂಟರೂ ಹೋದರು, ಪಿಂಡವೂ ಹೋಯಿತು. ಕೋಗಿಲೆಯಂತೂ ನಾಲ್ಕು ಮಾತ್ರೆಯ ಪದ, ಮೂರರ ಗಣದಲ್ಲಿ ಕೂರಿಸಿದರೆ ತಾಳ ಜಾರುತ್ತದೆ. ಮೇಲಾಗಿ ಅದು ಎಲೆಯ ಮರೆಯಲ್ಲಿ ಕೂಗುವ ಹಕ್ಕಿ, ಮಾಡಿನ ಮೇಲೆ ಬಂದು ಕೂರುವುದಿಲ್ಲ. ಕುಹೂ ಎನ್ನುವುದು ಗಂಡು. ಹೆಣ್ಣು ಹೋಗಿ ಕಾಗೆಯ ಗೂಡಿನಲ್ಲಿ ಮೊಟ್ಟೆ ಇಡುತ್ತದೆ. ಅಪಶಕುನಕ್ಕೆ ಹೆದರಿ ಕಾಗೆಯನ್ನು ಓಡಿಸಿದವರು ಕೋಗಿಲೆಯ ಬೆನ್ನು ಹತ್ತಿ ಮತ್ತೆ ಕಾಗೆಯ ಗೂಡಿಗೇ ಬರಬೇಕಾಗುತ್ತದೆ!

ಬಿಳಿ ಹಕ್ಕಿಗೆ ಶಾಂತಿ ಎನ್ನುವುದು ಪಾರಿವಾಳದಿಂದ ಬಂದ ಅರ್ಥ, ಅದೂ ಬೇರೆ ನಾಡಿನ ಕಥೆಯಿಂದ. ಬೆಳ್ಳಕ್ಕಿ ಎಂದುಕೊಂಡರೂ ತಪ್ಪೇ. ಬೆಳ್ಳಕ್ಕಿ ಗದ್ದೆಯದು, ಎಮ್ಮೆಯ ಹಿಂದೆ ನಡೆಯುವುದು. ಶಿರಸಿಯ ಸೋಂದಾ ಹತ್ತಿರ ಮುಂಡಿಗೆಕೆರೆಯಲ್ಲಿ ಗೂಡು ಕಟ್ಟುವುದು ಅದೇ. ಅಳಿವೆ ದಾಟಿ ದೋಣಿಯ ಬೆನ್ನು ಹತ್ತುವುದು ಕಡಲಕ್ಕಿ. ಅದು ಹೋಗುವುದು ಪ್ರೀತಿಯಿಂದಲ್ಲ, ಬಲೆಯಿಂದ ಬಿಸಾಡುವ ಸಣ್ಣ ಮೀನಿಗಾಗಿ. ಇದು ಗೊತ್ತಿದ್ದರೆ ಮೂರನೆಯ ಪದ್ಯ ತಣ್ಣಗೆ ಚುಚ್ಚುತ್ತದೆ. ಮೀನು ಎಸೆಯುವ ಕೈ ಇರುವ ತನಕ ಹಕ್ಕಿ ದೋಣಿ ಬಿಡುವುದಿಲ್ಲ, ಹಿಂದೆ ಬಂತೆಂದರೆ ಎಸೆಯುವವರು ಇಲ್ಲ. ‘ಮುಳುಗಿತು’ ಎಂಬ ಪದ ಹಾಡಿನಲ್ಲಿ ಎಲ್ಲೂ ಇಲ್ಲ, ಬೇಕಾಗಿಯೂ ಇಲ್ಲ. ‘ಒಂದೆ ಬಂತು’ ಎಂಬುದನ್ನು ಎರಡು ರೀತಿ ಕೇಳಬಹುದು: ಗುಂಪಾಗಿ ಹೋದದ್ದರಲ್ಲಿ ಒಂದು ಮಾತ್ರ ಬಂತು; ಅಥವಾ ದೋಣಿಯನ್ನು ಬಿಟ್ಟು ಹಕ್ಕಿಯಷ್ಟೇ ಬಂತು. ‘ಬಿಳಿಯ ಹಕ್ಕಿ’ ಆದಮೇಲೆ ಚೂರು ನಿಂತು ‘ಒಂದೆ ಬಂತು’ ಎಂದರೆ ಎರಡಕ್ಕೂ ಜಾಗ ಇರುತ್ತದೆ.

ಹಾಡಿನ ಋತುವನ್ನೂ ಈ ಹಕ್ಕಿಯೇ ಹೇಳುತ್ತದೆ. ನಮ್ಮ ಕರಾವಳಿಗೆ ಕಡಲಕ್ಕಿಗಳು ಮಳೆಗಾಲ ಮುಗಿದ ಮೇಲೆ ವಲಸೆ ಬಂದು ಬೇಸಿಗೆ ಬಲಿಯುವ ಮೊದಲು ಹೊರಟುಹೋಗುತ್ತವೆ. ಯಾಂತ್ರಿಕ ಮೀನುಗಾರಿಕೆ ನಿಂತಿರುವ ಜೂನ್ 1ರಿಂದ ಜುಲೈ 31ರ 61 ದಿನಗಳಲ್ಲಿ ಅವು ಇಲ್ಲಿರುವುದಿಲ್ಲ. ಹಾಗಾಗಿ ಇದು ಮಳೆಗಾಲದ ಹಾಡಲ್ಲ. ಹಿನ್ನೆಲೆಗೆ ಗುಡುಗು ಮಳೆಯ ಸದ್ದು ಹಾಕುವ ಯೋಚನೆ ಯಾರಿಗಾದರೂ ಇದ್ದರೆ ಈಗಲೇ ಕೈಬಿಡಿ. ತಿಳಿ ಆಕಾಶ, ತಣ್ಣನೆ ಗಾಳಿ, ಸಮುದ್ರ ಸುಮ್ಮನಿರುವ ಕಾಲದಲ್ಲಿ ದೋಣಿ ಬಂದಿಲ್ಲ. ಹೆದರಿಕೆ ಹೆಚ್ಚುವುದು ಅದಕ್ಕೇ. ಬಿರುಗಾಳಿ ಇದ್ದಿದ್ದರೆ ಕಾರಣವಾದರೂ ಸಿಗುತ್ತಿತ್ತು.

ಅಳಿವೆ ಎಂಬ ಪದವನ್ನು ಒತ್ತಿ ಹೇಳಿ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ, ಯಾವ ಹೊಳೆಯ ಬಾಯಲ್ಲೂ ಮರಳ ದಿಬ್ಬ ಏಳುವ, ಅಲೆ ಮುರಿಯುವ ಜಾಗ ಅದು. ದೋಣಿ ಮಗುಚುವ ಅಪಾಯ ಹೆಚ್ಚು. ಅಳಿವೆಯ ಪಕ್ಕದಲ್ಲೇ ಅಳಿವು, ಅಳು ಎಂಬ ಪದಗಳು ಕಿವಿಗೆ ಬೀಳುತ್ತವೆ. ಇನ್ನೊಂದು ಪದ ‘ಹೋಯಿತು’. ಮನೆಯಿಂದ ಹೊರಡುವವರು ‘ಹೋಗ್ತೇನೆ’ ಎನ್ನುವುದಿಲ್ಲ, ‘ಹೋಗಿ ಬರ್ತೇನೆ’ ಎನ್ನುತ್ತಾರೆ. ಬರೀ ‘ಹೋದರು’ ಎಂದರೆ ಸತ್ತರು. ಪದ್ಯದಲ್ಲಿ ಹಕ್ಕಿಗೆ ‘ಹೋಯಿತೋ’ವೂ ಇದೆ, ‘ಬಂತು’ವೂ ಇದೆ. ದೋಣಿಗೆ ‘ಹೋಯಿತೋ’ ಮಾತ್ರ. ಕೊನೆಯ ‘ಓ’ ಕೂಡ ಮೊದಲಿನದಲ್ಲ. ‘ಬೇಡವೋ’ದಲ್ಲಿ ಅದು ಕರೆಯುವ ಓ, ‘ಲಾರೆನೋ’ದಲ್ಲಿ ನರಳುವ ಓ, ‘ಹೋಯಿತೋ’ದಲ್ಲಿ ‘ಹೋಯಿತೋ ಏನೋ’ ಎನ್ನುವ ಅನುಮಾನ. ಮೂರಕ್ಕೂ ಒಂದೇ ಎಳೆತ, ಒಂದೇ ಗಮಕ ಕೊಟ್ಟರೆ ಈ ವ್ಯತ್ಯಾಸ ಅಳಿಸಿಹೋಗುತ್ತದೆ. ಮೂರನೆಯ ಪದ್ಯದ ಓ ಚಿಕ್ಕದಾಗಿರಲಿ, ಅಲಂಕಾರ ಬೇಡ.

ಹಸುವಿನ ಪದ್ಯವನ್ನು ‘ತಾಯ್ತನ’ ಎಂಬ ಒಂದು ಪದಕ್ಕೆ ಮುಗಿಸುವವರು ಕೊಟ್ಟಿಗೆಯಲ್ಲಿ ಹಾಲು ಹಿಂಡಿದವರಲ್ಲ. ಮೊದಲು ಕರುವನ್ನು ಬಿಡಬೇಕು, ಅದು ಬಾಯಿ ಹಾಕಿದರೆ ಹಸು ಹಾಲಿಳಿಸುತ್ತದೆ. ಆಮೇಲೆ ಕರುವನ್ನು ಎಳೆದು ಕಟ್ಟಿ, ಅದರ ಪಾಲಿನದರಲ್ಲಿ ನಮ್ಮ ಪಾಲು ತೆಗೆದುಕೊಳ್ಳಬೇಕು. ತಾಯಿಯಿಂದ ಕರುವನ್ನು ಅಗಲಿಸುವ ಕೈ ದಿನಾ ಬೆಳಿಗ್ಗೆ ಅವಳದೇ. ಈವತ್ತು ಅಗಲಿಕೆ ಏನೆಂದು ಗೊತ್ತಾಗಿರುವುದರಿಂದ ಆ ಕೈ ಮೇಲೇಳುತ್ತಿಲ್ಲ. ಹಸುವನ್ನು ‘ಅದು’ ಎನ್ನದೆ ‘ಅವಳು’ ಎಂದದ್ದು ಇದಕ್ಕೇ. ಇಲ್ಲಿ ನೋಡುವುದು ಮೊದಲು ಹಸು, ಆಮೇಲೆ ಹೆಂಗಸು. ಇಡೀ ಹಾಡಿನಲ್ಲಿ ಅವಳ ಕಡೆ ತಿರುಗಿ ನೋಡಿದ ಜೀವ ಇದೊಂದೇ.

ಕೊನೆಯ ಸಾಲಿನಲ್ಲಿ ‘ಹಾಲು’ ಎಂಬ ಪದ ಇಲ್ಲದಿರುವುದನ್ನು ಗಮನಿಸಿದಿರಾ? ಕರೆ ಎಂದರೆ ಹಾಲು ಹಿಂಡುವುದು, ಕರೆ ಎಂದರೆ ಕೂಗಿ ಕರೆಯುವುದು. ಹಳಗನ್ನಡದಲ್ಲಿ ಇವು ಬೇರೆ ಪದಗಳು: ಹಾಲಿನದಕ್ಕೆ ಶಕಟರೇಫ ಎಂಬ ಹಳೆಯ ‘ಱ’ ಅಕ್ಷರ, ಕಱೆ, ಕೂಗುವುದಕ್ಕೆ ಸಾದಾ ರೇಫ, ಅಂದರೆ ಈಗಿನ ‘ರ’, ಕರೆ. ಶಕಟರೇಫ ಬಳಕೆಯಿಂದ ಹೋದಮೇಲೆ ಎರಡೂ ಒಂದೇ ಸದ್ದಾದವು. ಹಾಡು ಆ ಒಂದಾದ ಸದ್ದಿನ ಮೇಲೆ ನಿಂತಿದೆ. ಕಾಗೆಗೆ ಕೂಗಬೇಡ ಎಂದು ಶುರುಮಾಡಿದವಳು ತಾನೇ ಅವನ ಹೆಸರು ಹಿಡಿದು ಕರೆಯಲಾರಳು. ‘ಹಾಲು ಕರೆಯಲಾರೆನೋ’ ಎಂದು ಯಾರಾದರೂ ಬಿಡಿಸಿ ಹಾಡಿದರೆ ಮೂರು ಮಾತ್ರೆ ಹೆಚ್ಚಾಗುವುದಷ್ಟೇ ಅಲ್ಲ, ಎರಡನೆಯ ಅರ್ಥ ಸತ್ತೇಹೋಗುತ್ತದೆ.

ಹಾಡುವ ಬಗ್ಗೆ ಇಷ್ಟು. ಮೇಲಿನ ಸಾಲಿಗೆ ಮೂರು ಮಾತ್ರೆಯ ನಾಲ್ಕು ಗಣ, ಒಟ್ಟು 12. ಕೆಳಗಿನದಕ್ಕೆ ಮೂರರ ಎರಡು ಗಣ, ಮೇಲೆ ವೋ, ನೋ, ತೋ, ಳೋಗೆ ಎರಡು, ಒಟ್ಟು 8. ಉಳಿದ 4 ಮಾತ್ರೆ ಖಾಲಿ. ಹಾರ್ಮೋನಿಯಂ ನುಡಿಸುವವರಿಗೆ ಆ ಖಾಲಿಯನ್ನು ತುಂಬುವ ಆಸೆ ತಡೆಯಲಾಗುವುದಿಲ್ಲ, ತಡೆಯಿರಿ. ‘ಕೂಗಬೇಡವೋ’ ಆದಮೇಲೆ ಕಾಗೆ ಕೂಗುತ್ತದೋ ಇಲ್ಲವೋ ಎಂದು ಕೇಳುವವರೂ ಅವಳ ಜತೆ ಕಾಯಬೇಕಾದದ್ದು ಆ ನಾಲ್ಕು ಮಾತ್ರೆಗಳಲ್ಲಿ. ಕೀಬೋರ್ಡಿನಲ್ಲಿ ಕಾಗೆಯ ಸದ್ದು ತಂದರೆ ಕಾಗೆ ಕೂಗಿಬಿಟ್ಟಂತಾಯಿತು, ಹಾಡು ಅಲ್ಲಿಗೇ ಮುಗಿಯಿತು.

ಆರು ಜನ ಇದ್ದೀರೆಂದು ಮೂವರು ‘ಬೇಡವೋ’ ಸಾಲನ್ನೂ ಮೂವರು ‘ಲಾರೆನೋ’ ಸಾಲನ್ನೂ ಹಂಚಿಕೊಳ್ಳಬೇಡಿ. ಹಂಚಿದರೆ ಇಬ್ಬರು ಹೆಂಗಸರ ವಾದದ ಹಾಗೆ ಕೇಳಿಸುತ್ತದೆ. ಎರಡೂ ಒಂದೇ ಬಾಯಿಂದ ಬರಬೇಕು. ಮೊದಲ ಎರಡು ಪದ್ಯ ಒಬ್ಬರೇ ಹಾಡಲಿ, ಹಕ್ಕಿಯ ಪದ್ಯಕ್ಕೆ ಎಲ್ಲರೂ ಸೇರಬಹುದು, ಯಾಕೆಂದರೆ ಅದು ಊರಿಗೆಲ್ಲ ಕಾಣುವ ಸಂಗತಿ. ನಾಲ್ಕನೆಯದು ಮತ್ತೆ ಒಬ್ಬರಿಗೇ, ಶ್ರುತಿಯ ಹೊರತು ಏನೂ ಇಲ್ಲದೆ. ನಿರೂಪಕರಿಗೆ ‘ಮೀನಿಗೆ ಹೋದವನ ಮನೆಯ ಹಾಡು’ ಎಂಬ ಒಂದು ಸಾಲು ಕೊಟ್ಟರೆ ಸಾಕು. ಕಾಗೆ ಯಾವುದರ ಸಂಕೇತ ಎಂದು ಅವರು ಮೊದಲೇ ವಿವರಿಸಿದರೆ ಜನ ಆ ಒಂದು ಅರ್ಥವನ್ನೇ ಕಾಯುತ್ತ ಕೂರುತ್ತಾರೆ.

ಪಲ್ಲವಿಯಂತೆ ಮೊದಲ ಎರಡು ಸಾಲುಗಳಿಗೆ ಹಿಂದಿರುಗುವ ಯೋಚನೆ ಇದ್ದರೆ ಎರಡು ಮತ್ತು ಮೂರನೆಯ ಪದ್ಯಗಳ ನಂತರ ಹಾಗೆ ಮಾಡಬಹುದು. ದೋಣಿ ಹೋದ ಸುದ್ದಿಯ ಮೇಲೆ ಬರುವ ‘ಕೂಗಬೇಡವೋ’ ಮೊದಲಿನ ‘ಕೂಗಬೇಡವೋ’ ಆಗಿರುವುದಿಲ್ಲ, ಅಲ್ಲಿ ದನಿಯನ್ನು ಅರ್ಧಕ್ಕೆ ಇಳಿಸಿ. ನಾಲ್ಕನೆಯ ಪದ್ಯದ ನಂತರ ಹಿಂದಿರುಗಬೇಡಿ. ‘ಕರೆಯಲಾರೆನೋ’ ಎಂದು, ನಾಲ್ಕು ಮಾತ್ರೆ ಎಣಿಸಿ, ಶ್ರುತಿ ನಿಲ್ಲಿಸಿ.